ಹೊಸ್ತಿಲ ಈಚೆಗೆ ಕೂತು ಕಲಿತದ್ದು

ಒಂಬತ್ತು ವರ್ಷ ತುಂಬುವವರೆಗೂ ನನಗೆ ಓದಲು ಬರುತ್ತಿರಲಿಲ್ಲ. ಅಪ್ಪ ಶಾಲಾ ಮಾಸ್ತರ, ಅವ್ವ ದಿನಾ ಮುಂಜಾನೆ ನಮ್ಮ ಮೂವರಿಗೂ, ತೊಟ್ಟಿಲಲ್ಲಿದ್ದ ಕೂಸನ್ನು ಹಿಡಿದರೆ ನಾಲ್ವರಿಗೂ, ಮನೆಯಲ್ಲೇ ಪಾಠ ಹೇಳುವವಳು. ಆದರೂ ಬರುತ್ತಿರಲಿಲ್ಲ. ಅದು ಅವರಿಬ್ಬರಿಗೂ ಗೊತ್ತೇ ಇರಲಿಲ್ಲ ಎನ್ನುವುದು ದೊಡ್ಡ ಸೋಜಿಗ. ಈಗ ರಾಯಚೂರಿನಲ್ಲಿ ಮೊಮ್ಮಕ್ಕಳ ಮುಂದೆ ಇದನ್ನು ಹೇಳಿದರೆ "ಅಜ್ಜಿ, ಏನೇನರೆ ಹೇಳಬ್ಯಾಡ" ಎನ್ನುತ್ತಾರೆ. ಇಲ್ಲದ್ದನ್ನು ಹುಟ್ಟಿಸಿ ಹೇಳುವುದರಲ್ಲಿ ನಾನು ಎತ್ತಿದ ಕೈ, ಒಪ್ಪುತ್ತೇನೆ. ಆದರೆ ಇದು ಹುಟ್ಟಿಸಿದ್ದಲ್ಲ. ಇದನ್ನು ಹೇಳದೆ ನನ್ನ ಬಾಲ್ಯದ ಬಗ್ಗೆ ಬೇರೆ ಏನು ಹೇಳಿದರೂ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಮೊದಲು ಇದನ್ನು ಮುಗಿಸಿಬಿಡುತ್ತೇನೆ.

ನಮ್ಮ ಮನೆ ಆಗ ದೇವದುರ್ಗದಲ್ಲಿತ್ತು. ಅಪ್ಪ ದಿನಾ ಮುಂಜಾನೆ ಬಸ್ಸು ಹಿಡಿದು ಜಾಲಹಳ್ಳಿಗೆ ಹೋಗಿ ಊರ ಮಕ್ಕಳಿಗೆಲ್ಲ ಪಾಠ ಹೇಳಿ ಸಂಜೆಗೆ ಬರುತ್ತಿದ್ದ. ತನ್ನ ಮಕ್ಕಳನ್ನು ಮಾತ್ರ ಶಾಲೆಯಿಂದ ಬಿಡಿಸಿ ಮನೆಯಲ್ಲಿ ಕೂರಿಸಿದ್ದ. ಕಾರಣ ಇಷ್ಟೇ. ನನಗಿಂತ ಮೂರು ವರ್ಷ ದೊಡ್ಡವನಾದ ರಾಘು, ನಮ್ಮ ಓಣಿಯ ಶಾಲೆಯಲ್ಲಿ ಹಲಗೆಯ ಮೇಲಿನ ಲೆಕ್ಕ ತಪ್ಪಾಗಿದೆ ಎಂದು ಎದ್ದು ನಿಂತು ಹೇಳಿದ. ಲೆಕ್ಕ ತಪ್ಪೇ ಆಗಿತ್ತು. ಅಲ್ಲಿನ ಮಾಸ್ತರರು ಅವನನ್ನು ಒಂದು ತಾಸು ಉಸುಕಿನ ಮೇಲೆ ಮೊಣಕಾಲೂರಿಸಿದರು. ಮರುದಿನ ಅಪ್ಪ ಕೋಟು ಹಾಕಿಕೊಂಡು ಕೇಳಲು ಹೋದ. ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋಗಿದ್ದರಿಂದ ಆ ಮಾತು ಇನ್ನೂ ಕಿವಿಯಲ್ಲಿದೆ.

"ನಿಮ್ಮ ಹುಡುಗ ಅಷ್ಟು ಶಾಣ್ಯಾ ಇದ್ರ ಮನ್ಯಾಗ ಇಟಗೊಂಡು ಕಲಸ್ರೀ ಮಾಸ್ತರ. ಇಲ್ಲಿಗ್ಯಾಕ ಕಳಸ್ತೀರಿ?"

"ಹಂಗೇ ಮಾಡ್ತೀನ್ರೀ. ಇನ್ನ ನಿಮ್ಮ ಸಾಲಿ ಪಾವಟಿಗಿ ನನ್ನ ಮಕ್ಕಳು ತುಳಿಯೂದಿಲ್ಲ."

ಆಣೆ ಮಾಡಿದವನು ಅಪ್ಪ, ಅದು ಬಿದ್ದದ್ದು ಅವ್ವನ ತಲೆಯ ಮೇಲೆ. ರಾಯಚೂರಿನ ತವರಿನಲ್ಲಿ ಏಳನೆಯತ್ತೆ ಪಾಸಾಗಿ ಬಂದಿದ್ದ ಅವಳಿಗೆ ಅಪ್ಪ ಪುಸ್ತಕದ ಕಟ್ಟು ತಂದು ಕೊಟ್ಟು, "ನಾಳಿಂದ ನೀ ಸುರು ಮಾಡು" ಎಂದು ಊಟಕ್ಕೆ ಕೂತ. ತೊವ್ವೆ ಬಡಿಸುವಾಗ ಅವ್ವನ ಸೌಟು ತಾಟಿಗೆ ಠಣ್ಣೆಂದು ಬಡಿಯಿತು.

ಅವ್ವನ ಮಡಿಯನ್ನು ಹೇಳದಿದ್ದರೆ ನಮ್ಮ ಮನೆಯ ಶಾಲೆ ಅರ್ಥವಾಗುವುದಿಲ್ಲ. ಬೆಳಗು ಹರಿಯುವ ಮೊದಲೇ ತಣ್ಣೀರು ಹೊಯ್ದುಕೊಂಡು, ಮೇಲಿನ ಗಳದಲ್ಲಿ ಒಣಗಿದ ಮಡಿಸೀರೆಯನ್ನು ಕೋಲಿನಿಂದ ತೆಗೆದು ಉಟ್ಟು ಒಲೆಯ ಮುಂದೆ ಕೂತಳೆಂದರೆ, ದೇವರ ನೈವೇದ್ಯವಾಗುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳೂ ಯಾರನ್ನೂ ಮುಟ್ಟುವಂತಿಲ್ಲ. ನಮ್ಮ ಪಾಟಿಗಳನ್ನಂತೂ ಕಣ್ಣೆತ್ತಿ ನೋಡಿದರೂ ಮೈಲಿಗೆ ಎನ್ನುವ ಹಾಗಿತ್ತು, ಯಾಕೆಂದರೆ ನಾವು ಪಾಟಿ ಒರೆಸುತ್ತಿದ್ದದ್ದೇ ಉಗುಳು ಹಚ್ಚಿ. ಆದ್ದರಿಂದ ಅವಳು ಅಡುಗೆಮನೆಯ ಒಳಗೆ, ನಾವು ಹೊಸ್ತಿಲ ಈಚೆಗೆ ನಡುಮನೆಯಲ್ಲಿ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲು ರಾಘುವಿನ ಪುಸ್ತಕದಿಂದ ನನ್ನ ಪಾಟಿಗೆ, ಅಲ್ಲಿಂದ ತಮ್ಮ ವಾದಿಯ ಬರಿಮೈಗೆ ಸರಿಯುವುದರೊಳಗೆ ಪಾಠ ಮುಗಿಯಬೇಕು. ಬೇಳೆ ಬೇಯುವಾಗ ಮಗ್ಗಿ, ಕಾಯಿಪಲ್ಲೆ ಹೆಚ್ಚುವಾಗ ಪದ್ಯ, ಅನ್ನ ಬಾಗಿಸುವಾಗ ಉಕ್ತಲೇಖನ. ಒಗ್ಗರಣೆ ಚಟಪಟ ಎನ್ನುವಾಗ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲವಾಗಿ ಅದು ನಮಗೆ ಸೂಟಿ. ಅಡುಗೆಯೂ ಹಾಗೇ ಸಾದಾ: ಅನ್ನ, ತೊವ್ವೆ, ಒಂದು ಸಾರು, ಇದ್ದರೆ ಪಲ್ಯ, ಇಲ್ಲದಿದ್ದರೆ ಶೇಂಗಾಹಿಂಡಿ. ಸಂಜೆಗೆ ಜೋಳದ ಭಕ್ರಿ, ಪುಂಡಿಪಲ್ಯ.

ನನಗೆ ಕೂತಲ್ಲಿ ಕೂರುವ ಗುಣವೇ ಇರಲಿಲ್ಲ, ಈಗಲೂ ಇಲ್ಲ. ಕಾಲು ಜುಮ್ಮೆನ್ನುವುದು, ಬೆನ್ನಿಗೆ ಇರುವೆ ಹತ್ತಿದಂತಾಗುವುದು, ಹೊರಗೆ ಯಾರೋ ಕೂಗಿದರೆ ಜೀವ ಅತ್ತ ಜಿಗಿಯುವುದು. ಅಕ್ಷರಗಳು ಒಂದೊಂದೇ ನಿಂತಾಗ ನನಗೆ ಗುರುತು ಸಿಗುತ್ತಿದ್ದವು. ಕೊಂಬು, ದೀರ್ಘ, ಒತ್ತು ಹಚ್ಚಿಕೊಂಡು ಸಾಲಾಗಿ ಬಂದರೆ ಮಾತ್ರ ನಾನು ಸೋತೆ. ಆದರೆ ನನ್ನ ಕಿವಿ ಭಾರೀ ಚುರುಕು. ರಾಘು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಇಡೀ ಪಾಠ ನನಗೆ ಬಾಯಿಪಾಠ. ಅವ್ವ ಒಳಗಿನಿಂದ "ಪದ್ದೀ, ಓದು" ಅಂದರೆ ಪುಸ್ತಕದ ಚಿತ್ರ ನೋಡಿಕೊಂಡು ಅಲ್ಪವಿರಾಮ ಸಹಿತ ಒಪ್ಪಿಸುತ್ತಿದ್ದೆ. ಉಕ್ತಲೇಖನವಾದರೆ ರಾಘುವಿನ ಪಾಟಿಯನ್ನು ಓರೆಗಣ್ಣಿನಿಂದ ನೋಡಿ ರಂಗೋಲಿ ಬಿಡಿಸಿದ ಹಾಗೆ ಬಿಡಿಸಿಬಿಡುತ್ತಿದ್ದೆ. ಅವ್ವ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, "ಎತ್ತಿ ಹಿಡಿ, ನೋಡೂಣು. ಹ್ಞಾಂ, ಮುತ್ತಿನಂಥಾ ಅಕ್ಷರ" ಎನ್ನುತ್ತಿದ್ದಳು. ರಾಘುವಿಗೆ ಎಲ್ಲ ಗೊತ್ತಿತ್ತು. ನನ್ನ ಪಾಲಿನ ಹಾಲಿನ ಕೆನೆಯನ್ನು ದಿನಾ ಅವನ ವಾಟಿಗೆ ದಾಟಿಸುತ್ತಿದ್ದೆನಾದ್ದರಿಂದ ಸುಮ್ಮನಿದ್ದ. ಮಧ್ಯಾಹ್ನ ಊಟವಾದ ಮೇಲೆ ಅವ್ವನ ಮಡಿ ಬಿಡುತ್ತಿತ್ತು ನಿಜ, ಆದರೆ ಅಷ್ಟರಲ್ಲಿ ಅವಳ ಕಸುವೂ ಮುಗಿದಿರುತ್ತಿತ್ತು. ಕೂಸಿಗೆ ಹಾಲು ಕೊಡುತ್ತಾ ಅಲ್ಲೇ ಕಣ್ಣು ಮುಚ್ಚುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು.

ಅಪ್ಪನದು ಇನ್ನೊಂದು ತರಹ. ಭಾನುವಾರ ಯಾರಾದರೂ ಮನೆಗೆ ಬಂದರೆ ಸಾಕು, ನನ್ನನ್ನು ಪಡಸಾಲೆಗೆ ಕರೆದು ಪುಸ್ತಕ ಕೊಟ್ಟು ಓದಿಸುತ್ತಿದ್ದ. ನಾನು ಗಡಗಡ ಒಪ್ಪಿಸಿದ ಮೇಲೆ, "ನೋಡ್ರಿ, ಸಾಲಿ ಯಾಕ ಬೇಕು?" ಎಂದು ಬಂದವರ ತೊಡೆ ತಟ್ಟುತ್ತಿದ್ದ. ಬರುವ ಜೂನಿನಲ್ಲಿ ನಮ್ಮನ್ನು ಬೇರೆ ಶಾಲೆಗೆ ಕರೆದೊಯ್ದು, ಹೆಡ್‌ಮಾಸ್ತರರ ಮುಂದೆ ಪರೀಕ್ಷೆ ಕೊಡಿಸಿ, ನನ್ನನ್ನು ನೆಟ್ಟಗೆ ಐದನೆಯತ್ತೆಗೆ ಕೂರಿಸುವುದು ಅವನ ಹಂಚಿಕೆ. ಅಲ್ಲಿ ನಾನು ನೋಡಿರದ ಪುಸ್ತಕ ಕೊಟ್ಟರೆ ಏನು ಗತಿ? ಬೈಸಿಕೊಳ್ಳುವುದಕ್ಕೆ ನಾನು ಹೆದರುತ್ತಿರಲಿಲ್ಲ, ಅದು ದಿನದ ರೂಢಿ. ಬೈಗುಳವೆಲ್ಲ ಅವ್ವನಿಗೆ ಹೋಗುತ್ತದೆ, ಅದೇ ಭಯ. ಅಪ್ಪನ ಬಾಯಿ ನನಗೆ ಗೊತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಮೂರು ದಿನ ಅನ್ನುವವನು, ಮಗಳಿಗೆ ಓದು ಬಾರದಿದ್ದರೆ ಜನ್ಮವೆಲ್ಲ ಅನ್ನುತ್ತಾನೆ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಮಹಬೂಬಿ ಚಿಕ್ಕಮ್ಮನದು, ನಮ್ಮ ಬಾಯಲ್ಲಿ ಮಹಬೂಬಿ ಖಾಲಾನದು. ಅವಳ ಗಂಡ ಬಳೆಯ ಮಲಾರ ಹೊತ್ತು ಮಸರಕಲ್, ಜಾಲಹಳ್ಳಿ ಸಂತೆಗಳಿಗೆ ಹೋಗುತ್ತಿದ್ದ. ಅವನಿಗೆ ಒಂದಿಷ್ಟು ಉರ್ದು ಬಿಟ್ಟರೆ ಬೇರೆ ಓದು ಇಲ್ಲ, ಖಾಲಾಗೆ ಅದೂ ಇಲ್ಲ. ಒಬ್ಬಳೇ ಮಗಳು ಶಂಶಾದಳನ್ನು ಹಿಂದಿನ ವರ್ಷ ಮಾನ್ವಿಗೆ ಕೊಟ್ಟಿದ್ದರು. ಅವಳು ಬಸುರಿ, ಚೊಚ್ಚಲು. ಒಂದು ಮುಂಜಾನೆ ನೀಲಿ ಇನ್‌ಲ್ಯಾಂಡ್ ಪತ್ರ ಹಿಡಿದು ಖಾಲಾ ನಮ್ಮ ಪಡಸಾಲೆಗೆ ಓಡಿ ಬಂದಳು. ಮಾನ್ವಿಯಲ್ಲಿ ಯಾರ ಕೈಯಿಂದಲೋ ಕನ್ನಡದಲ್ಲಿ ಬರೆಸಿದ ಪತ್ರ. ಅವ್ವ ಮಡಿಯಲ್ಲಿ, ರಾಘು ಗಿರಣಿಗೆ ಹೋಗಿದ್ದ. ಸಿಕ್ಕವಳು ನಾನು.

"ಪದ್ದೀ ಬೇಟಾ, ಲಗೂನ ಓದು. ನನ್ನ ಎದಿ ಡವಡವ ಅನ್ನಾಕತ್ತದ."

ಬರುವುದಿಲ್ಲ ಎಂದು ಅನ್ನಬಹುದಿತ್ತು. ಆದರೆ ಒಳಗೆ ಅವ್ವ, ಹೊರಗೆ ಇಡೀ ಓಣಿಯಲ್ಲಿ ನನ್ನ ಓದಿನ ಹೆಸರು. ಪತ್ರ ಬಿಚ್ಚಿದೆ. ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಯಾರದೋ ಅವಸರದ ಕೈ. ಅವ್ವ ತವರಿಗೆ ಬರೆಯುವ ಪತ್ರಗಳನ್ನು ಬಾಯಲ್ಲಿ ಅಂದುಕೊಳ್ಳುತ್ತಾ ಬರೆಯುತ್ತಿದ್ದದ್ದು ನೆನಪಿಗೆ ಬಂತು. ಅಷ್ಟು ಸಾಕಾಯಿತು ನನಗೆ.

"ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಸುವುದು. ಅತ್ತೆಯವರು ನನ್ನನ್ನು ಮಗಳಂತೆ ನೋಡಿಕೊಳ್ಳುತ್ತಾರೆ. ಎರಡು ಹೊತ್ತು ಹಾಲು ಕೊಡುತ್ತಾರೆ. ಹಸಿರು ಬಳೆ ಇಡಿಸಿದ್ದಾರೆ. ನೀವು ಅವಸರ ಮಾಡಬೇಡಿರಿ. ಸಾವಕಾಶ ಬನ್ನಿರಿ."

ಖಾಲಾ ಪತ್ರವನ್ನು ಕಣ್ಣಿಗೊತ್ತಿಕೊಂಡಳು. ನನ್ನ ಎರಡೂ ಕೆನ್ನೆ ಸವರಿ ತನ್ನ ತಲೆಗೆ ನೆಟಿಕೆ ಮುರಿದುಕೊಂಡಳು, ಸಂಜೆ ಬತ್ತಾಸು ಕೊಟ್ಟಳು. ನಾನು ತಿಂದೆ. ಬತ್ತಾಸು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅಂದಿನಿಂದ ನಾನು ಒಂದು ಕಡೆ ನಿಲ್ಲಲಿಲ್ಲ. ಮಾಳಿಗೆ ಹತ್ತುವುದು, ಇಳಿಯುವುದು, ಖಾಲಾನ ಬಾಗಿಲು ಕಿರ್ ಎಂದರೆ ಹಿತ್ತಲಿಗೆ ಓಡುವುದು. ಅವ್ವ "ಏನ್ ಹತ್ತೇದ ಈ ಹುಡುಗಿಗೆ?" ಎಂದು ದೃಷ್ಟಿ ತೆಗೆದಳು.

ಎಂಟೋ ಹತ್ತೋ ದಿನವಾಗಿತ್ತು. ಅವ್ವ ಒಲೆಯ ಮೇಲೆ ಬೇಳೆಗಿಟ್ಟಿದ್ದಳು, ರಾಘುವಿಗೆ ಹದಿನೇಳರ ಮಗ್ಗಿ ನಡೆದಿತ್ತು. ಖಾಲಾ ಸೆರಗು ಸಹ ಸರಿಯಾಗಿ ಹೊದೆಯದೆ ನಡುಮನೆಯವರೆಗೂ ಬಂದುಬಿಟ್ಟಳು. ಎಂದೂ ಪಡಸಾಲೆ ದಾಟಿದವಳಲ್ಲ. ಅವ್ವನನ್ನು ಅವಳು ಬಾಯಾರ ಎಂದೇ ಕರೆಯುತ್ತಿದ್ದಳು.

"ಬಾಯಾರ, ಮಾನ್ವಿಯಿಂದ ಮಂದಿ ಬಂದಿದ್ರು. ನನ್ನ ಮಗಳು ಸೋಮವಾರ ಗಂಟು ಕಟ್ಟಿಕೊಂಡು ಮುಂಜಾನಿಂದ ಚಿರಾಗ್ ಹಚ್ಚೂತನಾ ಬಾಗಿಲದಾಗ ಕುಂತಿದ್ದಳಂತ. ಅವ್ವ ಬರ್ಲಿಲ್ಲ ಅಂತ ಅತ್ತಿ ಗಂಟು ಬಿಚ್ಚಿಸಿದ್ಲಂತ. ಈ ಪತ್ರದಾಗ ಹಂಗೇನೂ ಇರ್ಲಿಲ್ಲಲ್ರೀ? ನೀವೊಮ್ಮಿ ನೋಡ್ರಿ."

ಅವ್ವ ಮುಟ್ಟುವಂತಿರಲಿಲ್ಲ. ಖಾಲಾ ಹೊಸ್ತಿಲ ಈಚೆಯಿಂದಲೇ ಪತ್ರವನ್ನು ಬಿಚ್ಚಿ ಎರಡೂ ಕೈಯಿಂದ ಹಿಡಿದು ತೋರಿಸಿದಳು, ಅವ್ವ ಒಳಗಿನಿಂದ ಕತ್ತು ಚಾಚಿ ಓದಿದಳು. ಸೋಮವಾರ ತವರಿನಿಂದ ತಾಯಿ ತಾನೇ ಬಂದರೆ ಹೆರಿಗೆಗೆ ಕಳಿಸುತ್ತೇವೆ, ಬಾರದಿದ್ದರೆ ಇಲ್ಲೇ ಹೆರಲಿ ಎಂದಿದ್ದಾರೆ, ನನಗೆ ಇಲ್ಲಿ ಹೆದರಿಕೆಯಾಗುತ್ತದೆ, ಅಮ್ಮಾ ನೀ ಬಾ. ಪತ್ರದಲ್ಲಿ ಇದ್ದದ್ದು ಇಷ್ಟು. ಅವ್ವ ಜೋರು ಮಾಡಲಿಲ್ಲ.

"ಪದ್ದೀ, ಬಾ ಇಲ್ಲೆ. ಓದು."

ನಾನು ಪತ್ರದ ಮುಂದೆ ನಿಂತೆ. ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಸುವುದು, ಎರಡು ಹೊತ್ತು ಹಾಲು, ಹಸಿರು ಬಳೆ, ಸಾವಕಾಶ ಬನ್ನಿರಿ. ಅಂದು ಹೇಳಿದ್ದನ್ನು ಒಂದು ಶಬ್ದ ಆಚೀಚೆ ಆಗದಂತೆ ಒಪ್ಪಿಸಿದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯಲೇ ಇಲ್ಲ. ಖಾಲಾ ಗೋಡೆ ಹಿಡಿದು ಕೂತಳು. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಎರಡು ವರ್ಷದ ಪಾಠವೆಲ್ಲ ಅವಳ ಕಣ್ಣ ಮುಂದೆ ಒಂದೊಂದೇ ಬಿಚ್ಚಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವಳು ಹೊಸ್ತಿಲು ದಾಟಿ ಬಂದಳು. ಮಡಿಸೀರೆಯಲ್ಲೇ ಬಂದು ಖಾಲಾನ ಕೈಯಿಂದ ಪತ್ರ ತೆಗೆದುಕೊಂಡಳು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದಳು. ಹೊಡೆಯುತ್ತಾಳೆಂದು ನಾನು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ.

"ರಾಘೂ, ಒಲಿ ಆರಸು. ವಾದಿಗೆ ಅವಲಕ್ಕಿ ಮೊಸರು ಕಲಸಿ ಕೊಡು. ಏಳ್ರೀ ಮಹಬೂಬಿ, ಬಸ್ಸು ಹೋದೀತು."

ಅವ್ವ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಮಾನ್ವಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಇಬ್ಬರು ಹೆಂಗಸರೂ ಒಂದೇ ಸೀಟಿನಲ್ಲಿ ಕೂತಿದ್ದರು. ನಾನು ಅವರ ಕಾಲ ಬಳಿ ನಿಂತಿದ್ದೆ, ಕೂರು ಎಂದು ಯಾರೂ ಅನ್ನಲಿಲ್ಲ. ಶಂಶಾದಳ ಅತ್ತೆಯ ಮನೆಯಲ್ಲಿ ಜಮಖಾನೆ ಹಾಸಿ ಕೂರಿಸಿದರು. ಆ ಹೆಂಗಸು ಕೆಟ್ಟವಳೇನಲ್ಲ, ಕರಾರುವಾಕ್ಕು ಅಷ್ಟೇ. ಅವ್ವ ನನ್ನನ್ನು ನಡುವೆ ನಿಲ್ಲಿಸಿ "ಹೇಳು" ಅಂದಳು. ಪರದೆಯ ಹಿಂದೆ ಶಂಶಾದಳ ಪಾದ ಕಾಣುತ್ತಿದ್ದವು, ಬಾತಿದ್ದವು. ನಾನು ಆ ಪಾದಗಳಿಗೇ ಹೇಳಿದೆ.

"ನನಗ ಓದಲಿಕ್ಕೆ ಬರೂದಿಲ್ಲ."

ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಅವ್ವ ನನ್ನ ಮಾತನ್ನು ಅಲ್ಲಿಗೇ ಬಿಡಲಿಲ್ಲ.

"ತಪ್ಪು ಈಕಿದಲ್ಲರೀ, ನಂದು. ಕಲಿಸೀನಿ ಅಂತ ತಿಳದಿದ್ದೆ. ದೂರ ಕೂತು ಬರೇ ಕಿವಿಗೆ ಕಲಿಸೀನಿ. ಮಹಬೂಬಿದು ಏನೂ ತಪ್ಪಿಲ್ಲ, ಆಕಿ ಮಗಳನ್ನ ಕಳಸ್ರಿ."

ಅತ್ತೆ ಅಡಕೆ ಕತ್ತರಿಸಿ ತಟ್ಟೆಗೆ ಹಾಕಿದಳು. "ತಿಳೀತ್ರೀ ಅಮ್ಮಾ. ಆದ್ರ ಈಗ ಒಂಬತ್ತರಾಗ ಬಿದ್ದದ. ಆ ರಸ್ತಾದಾಗ ಬಸ್ಸಿನ್ಯಾಗ ನಾ ಕಳಸಂಗಿಲ್ಲ. ಬೇಕಾದ್ರ ತಾಯಿನೇ ಇಲ್ಲೆ ಇರ್ಲಿ" ಎಂದಳು. ಖಾಲಾ ಅಲ್ಲೇ ಉಳಿದಳು. ಬೀಗರ ಮನೆಯ ಪಡಸಾಲೆಯಲ್ಲಿ, ನಾಲ್ಕು ಜನರ ನಡುವೆ ಮೈಮುದುರಿಕೊಂಡು ಮಗಳ ಹೆರಿಗೆ, ಬಾಣಂತನದ ನಲವತ್ತು ದಿನ ಎರಡನ್ನೂ ಮುಗಿಸಿದಳು. ತವರಿನಲ್ಲಿ ಮಲಗಿ, ತಾಯಿಯ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಂಡು, ಬೇಕೆಂದದ್ದು ಕೇಳಿ ತಿನ್ನುವ ಆ ನಾಲ್ಕು ತಿಂಗಳು ಶಂಶಾದಳಿಗೆ ನನ್ನಿಂದ ತಪ್ಪಿತು. ಗಂಡುಮಗುವಾಯಿತು, ಎಲ್ಲ ಸುಸೂತ್ರ ಆಯಿತು ಎಂದು ಜನ ಸಮಾಧಾನ ಹೇಳುತ್ತಿದ್ದರು. ನನಗೆ ಆ ಬಾತ ಪಾದ ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಸಂಜೆ ನಾವು ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ರಾಘು ಎಲ್ಲ ಹೇಳಿದ್ದ.

"ಮಡಿಯೊಳಗ ಬೀದಿಗೆ ಹೋದಿ. ದೇವರನ್ನ ಉಪವಾಸ ಕೆಡವಿದಿ. ಇಷ್ಟು ದಿನ ಮಗಳಿಗೆ ನೀ ಕಲಿಸಿದ್ದರೇ ಏನು?"

"ನೀವು ಸಾಲಿಯವರ ಜೋಡಿ ಜಗಳಾಡಿ ಬಂದ್ರಿ. ನಾ ಕಲಿಸ್ತೀನಿ ಅಂತ ನಾ ಅಂದಿದ್ದೆನ? ಕೇಳಿದ್ರೇನು ನನ್ನ? ದೇವರಿಗೆ ನಾಳೆ ಎರಡು ಸಲ ನೈವೇದ್ಯ ಮಾಡ್ತೀನಿ. ಆ ಹುಡುಗಿಗೆ ಹೋದ ದಿನ ಯಾರು ತಂದು ಕೊಡ್ತಾರ?"

ಅಪ್ಪನಿಗೆ ಅವ್ವ ಎದುರು ಮಾತಾಡಿದ್ದು ಅದೇ ಮೊದಲು. ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಮತ್ತೆ ತೆಗೆದು ಹಾಕಿಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಬಿಚ್ಚಿದ. ಜೂನ್ ಬಂದಾಗ ರಾಘು, ವಾದಿ ಇಬ್ಬರೂ ಅದೇ ಓಣಿಯ ಶಾಲೆಯ ಪಾವಟಿಗೆ ಹತ್ತಿದರು. ಅಪ್ಪ ಕರೆದುಕೊಂಡು ಹೋಗಲಿಲ್ಲ, ಅವ್ವನೇ ಹೋಗಿ ಬಿಟ್ಟು ಬಂದಳು. ನನ್ನನ್ನು ಮಾತ್ರ ತನ್ನ ಬಳಿ ಉಳಿಸಿಕೊಂಡಳು.

ಅಲ್ಲಿಂದ ಮೂರು ತಿಂಗಳು ನಮ್ಮ ಮನೆಯಲ್ಲಿ ಹುಗ್ಗಿ. ಅಕ್ಕಿ, ಹೆಸರುಬೇಳೆ, ಒಂದು ಚಿಟಿಕೆ ಅರಿಸಿನ, ಒಂದೇ ಪಾತ್ರೆ. ಮಡಿಯಲ್ಲಿ ಅದನ್ನು ಬೇಗ ಇಳಿಸಿ, ನೈವೇದ್ಯ ಮಾಡಿ, ಅಪ್ಪ ಬಸ್ಸಿಗೆ ಹೊರಡುವ ಹೊತ್ತಿಗೆ ಅವ್ವ ಮಡಿ ಬಿಟ್ಟು ಸಾದಾ ಸೀರೆಯುಟ್ಟು ನನ್ನ ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಅವಳ ತೊಡೆ ನನ್ನ ತೊಡೆಗೆ ತಾಗಬೇಕು. ಅವಳ ಕೈಯ ತೊಗರಿಕಡ್ಡಿ ಅಕ್ಷರದ ಕೆಳಗೆ ಸರಿಯುತ್ತಾ ಹೋಗಬೇಕು, ಅದು ಮುಟ್ಟದ ಅಕ್ಷರವನ್ನು ನಾನು ಅನ್ನಕೂಡದು. ಚಿತ್ರಗಳ ಮೇಲೆಲ್ಲ ಕಾಗದ ಅಂಟಿಸಿದ್ದಳು. ಏಳಬೇಕೆಂದು ನನ್ನ ಕಾಲು ಎಳೆದರೆ ತನ್ನ ಕಾಲನ್ನು ಅದರ ಮೇಲೆ ಹಾಕುತ್ತಿದ್ದಳು. ನಾನು ಅತ್ತೆ, ಪಾಟಿ ಒಡೆದೆ, ಒಮ್ಮೆ ಅವಳ ಕೈ ಕಚ್ಚಿದೆ. ಅಪ್ಪ ಸಂಜೆ ತಾಟು ನೋಡಿ, "ಮತ್ತ ಹುಗ್ಗಿನೇ?" ಎನ್ನುತ್ತಿದ್ದ. "ಆಕಿಗೆ ಒತ್ತಕ್ಷರ ಬರೂತನಾ ಹುಗ್ಗಿನೇ" ಎನ್ನುತ್ತಿದ್ದಳು ಅವ್ವ. ಹಪ್ಪಳವನ್ನೂ ಸುಡುತ್ತಿರಲಿಲ್ಲ. ಇವತ್ತಿಗೂ ನನಗೆ ಹುಗ್ಗಿಯ ವಾಸನೆ ಬಂದರೆ ಕಾಲು ಎದ್ದು ಓಡಲು ನೋಡುತ್ತದೆ.

ಖಾಲಾ ಮಾನ್ವಿಯಿಂದ ಬಂದ ಮೇಲೆ ಅವ್ವನ ಕೂಡ ಮೊದಲಿನಂತೆಯೇ ಇದ್ದಳು. ನನ್ನನ್ನು ಮಾತ್ರ ಮಾತಾಡಿಸಲಿಲ್ಲ. ನಾನು ಎದುರಾದರೆ ಕೊಡದ ಕಡೆಗೋ ಕೋಳಿಯ ಕಡೆಗೋ ನೋಡುತ್ತಿದ್ದಳು. ದಸರೆಯ ಹೊತ್ತಿಗೆ ಒಂದು ಮಧ್ಯಾಹ್ನ ಮತ್ತೆ ನೀಲಿ ಪತ್ರ ಹಿಡಿದುಕೊಂಡು ಬಂದು ಅವ್ವನ ಮುಂದೆ ಚಾಚಿದಳು. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಪದ್ದಿ ಓದ್ತಾಳ."

"ಬ್ಯಾಡ್ರೀ ಬಾಯಾರ. ನೀವೇ ಓದ್ರಿ."

"ಆಕಿನೇ ಓದ್ಲಿ. ನಾ ಇಲ್ಲೇ ಕೂತೀನಿ."

ಖಾಲಾ ಪತ್ರವನ್ನು ನನ್ನ ಕೈಗೆ ಕೊಡಲಿಲ್ಲ, ಜಗಲಿಯ ಮೇಲಿಟ್ಟಳು. ನಾನು ಎತ್ತಿಕೊಂಡೆ. ಬೆರಳನ್ನು ಮೊದಲ ಅಕ್ಷರದ ಕೆಳಗೆ ಊರಿದೆ. ಅದೇ ಅವಸರದ ಕೈ, ಅಕ್ಷರಗಳು ಮೊದಲಿನಂತೆಯೇ ಒಂದರ ಮೇಲೊಂದು. ಆದರೆ ಈ ಸಲ ಒಂದೊಂದಾಗಿ ಎದ್ದು ಬಂದವು. ಕುಂಟುತ್ತಾ, ತಡೆಯುತ್ತಾ, ಮುಂದೇನಿದೆಯೆಂದು ತಿಳಿಯದೆ, ಬಂದ ಬಂದ ಹಾಗೆ ಗಟ್ಟಿಯಾಗಿ ಅನ್ನುತ್ತಾ ಹೋದೆ.

"ಅಮ್ಮಾ. ನಿನಗೆ. ಸಲಾಮು. ಈ ಪತ್ರವನ್ನು. ಬಾಯಾರ. ಕೈಯಿಂದಲೇ. ಓದಿಸು. ಆ. ಹುಡುಗಿಯ. ಕೈಯಿಂದ. ಓದಿಸಬೇಡ."

ಆ ಸಾಲು ಓದಿ ಮುಗಿಸಿದ ಮೇಲೆಯೇ ನಾನು ಓದಿದ್ದು ಏನೆಂದು ನನಗೆ ತಿಳಿದದ್ದು. ಬೆರಳು ಸಾಲಿನಿಂದ ಜಾರಿತು. ಅವ್ವ ಅಕ್ಕಿಯಲ್ಲಿ ಕೈಯಿಟ್ಟು ಹಾಗೇ ಕೂತಿದ್ದಳು. ಖಾಲಾ ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಬಂದು ನನ್ನ ಮಗ್ಗುಲಿಗೆ ಕೂತಳು.

"ಬರೋಬರಿ ಅದ. ನನ್ನ ಮಗಳೇ ಹೇಳಿ ಬರಿಸ್ಯಾಳ" ಎಂದಳು. "ಮುಂದ ಓದು."